ಅಂಗಡಿ–ಅಂಗಳ: ಜಾಲಿಕಂಟಿಗೆ ಯಾವ ದಾರ, ಯಾವ ಬ್ಲೇಡು?



ಈ ತಿಂಗಳು ಈ ಪುಟದಲ್ಲಿ ಬಡ್ಡಿ, ಬಿಲ್ಲು, ತೆರಿಗೆಗಳ ಮಾತಿಲ್ಲ. ಮಿಲ್ಲಿನ ಹಿತ್ತಲಿನ ಮಾತು. ಆದವಾನಿ, ಎಮ್ಮಿಗನೂರು, ಆಲೂರು, ಪತ್ತಿಕೊಂಡದ ಕಡೆ ಜಿನ್ನಿಂಗ್ ಮಿಲ್ಲು, ಎಣ್ಣೆ ಮಿಲ್ಲು, ಗೋದಾಮು, ಇಲ್ಲವೇ ಊರ ಹೊರಗೊಂದು ಪ್ಲಾಟು, ಇವುಗಳಲ್ಲಿ ಯಾವುದೂ ಇಲ್ಲದ ವ್ಯಾಪಾರಿ ಮನೆತನ ಅಪರೂಪ. ಮಳೆಗಾಲ ಕಳೆದು ಬಾಗಿಲು ತೆಗೆದು ನೋಡಿದರೆ ಕಾಂಪೌಂಡಿನ ಒಳಗೆ ಕಾಂಗ್ರೆಸ್ ಗಿಡ ಸೊಂಟದೆತ್ತರ ನಿಂತಿರುತ್ತದೆ, ಗೋಡೆಯ ಅಂಚಿಗೆ ಜಾಲಿಕಂಟಿ ಆಳೆತ್ತರ ಬೆಳೆದಿರುತ್ತದೆ. ಹೊಸ ಹತ್ತಿ ಬರುವ ಮೊದಲು ಇದೆಲ್ಲ ಸ್ವಚ್ಛವಾಗಬೇಕು. ಕೊಡಲಿ, ಕುಡುಗೋಲು ಹಿಡಿಯುವ ಆಳುಗಳನ್ನು ಹುಡುಕಿದರೆ ಸಿಗುವುದಿಲ್ಲ. ಕೋಸಿಗಿ, ಕೌತಾಳಂ, ಹೊಳಗುಂದಿ ಕಡೆಯ ಜನ ಸುಗ್ಗಿ ನೋಡಿಕೊಂಡು ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೆ, ಬೆಂಗಳೂರು–ಹೈದರಾಬಾದಿನ ಕಟ್ಟಡ ಕೆಲಸಕ್ಕೆ ವಲಸೆ ಹೋಗುವುದು ನಿಮಗೆಲ್ಲ ತಿಳಿದ ಸಂಗತಿ. ಹಾಗಾಗಿಯೇ ಭುಜಕ್ಕೆ ನೇತುಹಾಕಿಕೊಂಡು ಹೊಡೆಯುವ ಬ್ರಷ್ ಕಟರ್ ಯಂತ್ರ ಈಗ ಮಿಲ್ಲು ಮಿಲ್ಲಿಗೂ ಬಂದಿದೆ.

ಯಂತ್ರ ಕೊಳ್ಳುವಾಗ ನಾವು ಎಂಜಿನ್ ಎಷ್ಟು ಸಿಸಿ, ಎಷ್ಟು ವರ್ಷ ಗ್ಯಾರಂಟಿ ಎಂದು ಹತ್ತು ಸಲ ಕೇಳುತ್ತೇವೆ. ನಿಜವಾಗಿ ಕತ್ತರಿಸುವ ತುದಿಯ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ಪೆಟ್ಟಿಗೆಯಲ್ಲಿ ನೈಲಾನ್ ದಾರದ ಒಂದು ಹೆಡ್ಡು, ಮೂರು ಹಲ್ಲಿನ ಒಂದು ಬ್ಲೇಡು, ಕೆಲವೊಮ್ಮೆ ಸಣ್ಣ ಹಲ್ಲುಗಳ ದುಂಡನೆಯ ಬ್ಲೇಡು ಇರುತ್ತವೆ. ಆಳು ಕೈಗೆ ಸಿಕ್ಕಿದ್ದನ್ನು ಹಾಕಿಕೊಂಡು ಎಲ್ಲದಕ್ಕೂ ಅದನ್ನೇ ಹೊಡೆಯುತ್ತಾನೆ. ಹತ್ತಿ ಅಂಡಿಗೆ ತೂಗುವ ಕಾಟಾದಲ್ಲಿ ಬಂಗಾರ ತೂಗುವವರುಂಟೇ? ಅರ್ಧ ಗಂಟೆಯಲ್ಲಿ, “ಸಾವ್ಕಾರ್ರೇ, ದಾರ ನಿಲ್ಲಂಗಿಲ್ರೀ” ಎಂಬ ದೂರು ಬರುತ್ತದೆ. ದಾರದ್ದೇನೂ ತಪ್ಪಿಲ್ಲ. ಅದು ಮಾಡಲಾರದ ಕೆಲಸವನ್ನು ಅದಕ್ಕೆ ಹೇಳಲಾಗಿದೆ, ಅಷ್ಟೆ.

ಮೊದಲು ಎದುರಾಳಿಯನ್ನು ಅರಿಯಬೇಕು. ಕನ್ನಡದಲ್ಲಿ ಬಳ್ಳಾರಿ ಜಾಲಿ, ತೆಲುಗಿನಲ್ಲಿ ಸರ್ಕಾರು ತುಮ್ಮ ಎನ್ನುವ ಈ ಗಿಡ ನಮ್ಮ ನೆಲದ್ದೇ ಅಲ್ಲ. ಇದು ಅಮೆರಿಕ ಖಂಡದ ಒಣ ಪ್ರದೇಶಗಳ ಗಿಡ. 1870ರ ದಶಕದ ಕೊನೆಯಲ್ಲಿ ಮದ್ರಾಸ್ ಪ್ರಾಂತ್ಯದ ಅರಣ್ಯಾಧಿಕಾರಿಗಳು ಬೀಜ ತರಿಸಿ ಪಕ್ಕದ ಕಡಪ ಜಿಲ್ಲೆಯ ಕಮಲಾಪುರದಲ್ಲಿ ಬಿತ್ತಿದರು. ಸೌದೆಗೆ ಆಗಲಿ, ಬೋಳು ನೆಲ ಹಸಿರಾಗಲಿ ಎಂಬುದು ಅವರ ಉದ್ದೇಶ. ಹಸಿರಂತೂ ಆಯಿತು, ಇಂದಿಗೂ ನಿಲ್ಲದಷ್ಟು ಆಯಿತು. ಅದರ ಸಿಹಿ ಕಾಯನ್ನು ಕುರಿ, ಮೇಕೆ, ದನಗಳು ತಿನ್ನುತ್ತವೆ. ಬೀಜ ಹಿಕ್ಕೆಯೊಡನೆ ಹೊರಬಿದ್ದು ಮೊಳೆಯುತ್ತದೆ. ತುಂಗಭದ್ರಾ ಕೆಳಮಟ್ಟದ ಕಾಲುವೆಯ ದಂಡೆ, ಕೆರೆಯಂಗಳ, ರೈಲು ಹಳಿಯ ಪಕ್ಕ, ಮುಚ್ಚಿಹೋದ ಮಿಲ್ಲಿನ ಅಂಗಳ, ಎಲ್ಲಿ ಮನುಷ್ಯನ ಕಾಲು ಎರಡು ವರ್ಷ ಬೀಳುವುದಿಲ್ಲವೋ ಅಲ್ಲಿ ಅದು ಹಾಜರು. ಎಳೆಯದಿದ್ದಾಗ ಬೆರಳ ಗಾತ್ರದ ಕಡ್ಡಿ. ಮೂರನೆಯ ವರ್ಷಕ್ಕೆ ಮುಂಗೈ ಗಾತ್ರದ ಗಟ್ಟಿ ಕಟ್ಟಿಗೆ, ಚಪ್ಪಲಿ ತೂರುವ ಮುಳ್ಳು.

ಇದರ ಜೊತೆಗೆ ಕಾಂಗ್ರೆಸ್ ಗಿಡ, ಎಕ್ಕ, ತಂಗಡಿ, ಬೋರೆಕಂಟಿ, ಎರೆ ಭೂಮಿಯ ದಪ್ಪ ಹುಲ್ಲು. ಒಂದೇ ಅಂಗಳದಲ್ಲಿ ಇವೆಲ್ಲ ಕಲೆತಿರುತ್ತವೆ. ಆದ್ದರಿಂದ ಯಂತ್ರ ಚಾಲೂ ಮಾಡುವ ಮೊದಲು ಮಾಲೀಕನೋ ಮೇಸ್ತ್ರಿಯೋ ಒಂದು ಸುತ್ತು ಹಾಕಿ ಬುಡದ ಗಾತ್ರ ನೋಡಬೇಕು. ಹುಲ್ಲು ಮತ್ತು ಪೆನ್ಸಿಲ್ಲಿಗಿಂತ ಸಣ್ಣ ಹಸಿ ಕಾಂಡಕ್ಕೆ ನೈಲಾನ್ ದಾರ. ಪೆನ್ಸಿಲ್ಲಿನಿಂದ ಹೆಬ್ಬೆರಳಿನವರೆಗೆ ಮೂರು ಹಲ್ಲಿನ ಉಕ್ಕಿನ ಬ್ಲೇಡು. ಹೆಬ್ಬೆರಳಿಗಿಂತ ದಪ್ಪನೆಯ ಕಟ್ಟಿಗೆಗೆ ಗರಗಸದ ಬ್ಲೇಡು, ಅದೂ ಯಂತ್ರಕ್ಕೆ ತಕ್ಕ ಶಕ್ತಿಯಿದ್ದರೆ ಮಾತ್ರ. ಮುಂಗೈ ದಪ್ಪ ಮೀರಿದರೆ ಬ್ರಷ್ ಕಟರನ್ನು ಕೆಳಗಿಟ್ಟು ಕೊಡಲಿಯನ್ನೋ ಸರಪಳಿ ಗರಗಸವನ್ನೋ ತರಿಸುವುದು ಲೇಸು. ಇಷ್ಟು ಲೆಕ್ಕ ಗೊತ್ತಿದ್ದರೆ ಅರ್ಧ ಕೆಲಸ ಆದಂತೆ.

ದಾರದ ಕಥೆ ಸ್ವಾರಸ್ಯವಾಗಿದೆ. 1971ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದ ಜಾರ್ಜ್ ಬಲ್ಲಾಸ್ ಎಂಬ ವ್ಯಾಪಾರಿ, ಕಾರು ತೊಳೆಯುವ ಯಂತ್ರದಲ್ಲಿ ನೈಲಾನ್ ಕುಂಚಗಳು ಗಿರಗಿರನೆ ತಿರುಗುವುದನ್ನು ನೋಡಿ, ಇದೇ ರೀತಿ ಮರದ ಬುಡದ ಹುಲ್ಲನ್ನೂ ಹೊಡೆಯಬಹುದಲ್ಲ ಎಂದುಕೊಂಡರು. ಒಂದು ತಗಡಿನ ಡಬ್ಬಿಗೆ ತೂತು ಕೊರೆದು, ಮೀನು ಹಿಡಿಯುವ ದಾರ ಪೋಣಿಸಿ, ತಿರುಗುವ ಯಂತ್ರಕ್ಕೆ ಕಟ್ಟಿ ನೋಡಿದರು. ಅಲ್ಲಿಂದ ಹುಟ್ಟಿದ್ದು ಈ ಹೆಡ್ಡು. ಅಂದರೆ ದಾರ ಹುಟ್ಟಿದ್ದೇ ಹುಲ್ಲಿಗಾಗಿ, ಗೋಡೆ ಮತ್ತು ಮರದ ಬುಡದ ಸಂದಿಗಾಗಿ. ಅದು ಕೊಯ್ಯುವುದಿಲ್ಲ, ವೇಗದಿಂದ ಬಡಿದು ತುಂಡರಿಸುತ್ತದೆ. ನಿಮಿಷಕ್ಕೆ 6000 ಸುತ್ತು ತಿರುಗುವ ಹೆಡ್ಡಿನ ಮಧ್ಯದಿಂದ 20 ಸೆಂಟಿಮೀಟರ್ ದೂರದಲ್ಲಿರುವ ದಾರದ ತುದಿ ಗಂಟೆಗೆ ಸುಮಾರು 450 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಹಸಿ ಕಾಂಡ ಆ ಪೆಟ್ಟಿಗೆ ಒಡೆಯುತ್ತದೆ. ಕಟ್ಟಿಗೆ ಒಡೆಯುವುದಿಲ್ಲ, ದಾರವೇ ಸವೆಯುತ್ತದೆ.

ಮಾರುಕಟ್ಟೆಯಲ್ಲಿ ದಾರ 1.6 ಮಿಲಿಮೀಟರಿನಿಂದ 3.3 ಮಿಲಿಮೀಟರಿನವರೆಗೆ ಸಿಗುತ್ತದೆ. ಮನೆಯ ಮುಂದಿನ ಹುಲ್ಲುಹಾಸಿಗಾದರೆ 2 ಮಿಲಿಮೀಟರ್ ಸಾಕು. ನಮ್ಮ ಕಡೆಯ ಕಾಡು ಬೆಳೆಗೆ ಅದು ಒಂದು ಪೆಟ್ಟಿಗೂ ಬಾರದು. 30 ಸಿಸಿಯ ಒಳಗಿನ ಯಂತ್ರಕ್ಕೆ 2.4, ಅದಕ್ಕಿಂತ ದೊಡ್ಡದಕ್ಕೆ 2.7 ಅಥವಾ 3 ಎಂದು ಸ್ಥೂಲವಾಗಿ ಇಟ್ಟುಕೊಳ್ಳಬಹುದು. ಯಂತ್ರದ ಕೈಪಿಡಿ ಬೇರೆ ಹೇಳಿದರೆ ಕೈಪಿಡಿಯ ಮಾತೇ ಸರಿ. 2.4ಕ್ಕೂ 3ಕ್ಕೂ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಆದರೆ ಲೆಕ್ಕ ಹಾಕಿ ನೋಡಿ: 3 ಮಿಲಿಮೀಟರ್ ದಾರದ ತೂಕ ಮೀಟರಿಗೆ ಒಂದೂವರೆ ಪಟ್ಟಿಗಿಂತ ಹೆಚ್ಚು. ಅಷ್ಟು ಭಾರವನ್ನು ಸಣ್ಣ ಎಂಜಿನ್ ತಿರುಗಿಸಲಾರದೆ ಏದುಸಿರು ಬಿಡುತ್ತದೆ, ವೇಗ ಕುಸಿಯುತ್ತದೆ, ಕ್ಲಚ್ಚು ಬಿಸಿಯಾಗುತ್ತದೆ. ದಪ್ಪ ದಾರ ಹಾಕಿದರೆ ಗಟ್ಟಿ ಗಿಡ ಹೋದೀತು ಎಂಬ ನಂಬಿಕೆ ಹೀಗೆ ತಿರುಗುಬಾಣವಾಗುತ್ತದೆ.

ಆಕಾರದಲ್ಲಿಯೂ ದುಂಡು, ಚೌಕ, ನಕ್ಷತ್ರ, ತಿರುಚಿದ್ದು ಎಂದು ಬಗೆಗಳಿವೆ. ಅಂಚುಳ್ಳ ಚೌಕ ದಾರ ದಪ್ಪ ಹುಲ್ಲಿಗೆ, ಬಲಿತ ಕಳೆಗೆ ಚೆನ್ನಾಗಿ ಕತ್ತರಿಸುತ್ತದೆ, ಆದರೆ ಕಲ್ಲು ತಾಗಿದರೆ ಅಂಚು ಬೇಗ ಹೋಗುತ್ತದೆ. ದುಂಡು ದಾರ ಮಂದ, ಆದರೆ ಬಾಳಿಕೆ ಹೆಚ್ಚು. ಗೋಡೆ, ಕಲ್ಲುಚಪ್ಪಡಿ, ತಂತಿಬೇಲಿಯ ಪಕ್ಕ ದುಂಡು ದಾರವೇ ಇರಲಿ. ತಿರುಚಿದ ದಾರ ಸದ್ದು ಕಡಿಮೆ ಮಾಡುತ್ತದೆ. ಮಿಲ್ಲಿನ ಅಂಗಳದಲ್ಲಿ ಅದರ ಉಪಯೋಗ ಅಷ್ಟಕ್ಕಷ್ಟೆ.

ಹೆಡ್ಡಿನ ವಿಷಯದಲ್ಲಿ ಅಂಗಡಿಯವರು ಸಾಮಾನ್ಯವಾಗಿ ಕೊಡುವುದು ನೆಲಕ್ಕೆ ಕುಟ್ಟಿದರೆ ದಾರ ಬಿಡುವಂಥದ್ದನ್ನು. ಹುಲ್ಲಿಗೆ ಅದು ಅನುಕೂಲ. ಆದರೆ ನಮ್ಮ ಎರೆಮಣ್ಣು ಹಸಿಯಿದ್ದಾಗ ಅಂಟಿಕೊಂಡು, ಒಣಗಿದಾಗ ಪುಡಿಯಾಗಿ ಅದರ ಒಳಗೆ ಸೇರಿ ಗುಬಟು ಕೆಲಸ ಮಾಡುವುದಿಲ್ಲ. ಕಲ್ಲು ನೆಲದಲ್ಲಿ ಕುಟ್ಟಿ ಕುಟ್ಟಿ ಆ ಗುಬಟೇ ಸವೆದುಹೋಗುತ್ತದೆ. ಕಳೆ ಬಲಿತಿರುವಲ್ಲಿ ತುಂಡು ದಾರಗಳನ್ನು ತೂರಿಸಿ ಬಿಗಿಯುವ ಸಾದಾ ಹೆಡ್ಡು ಮೇಲು. ಸವೆದಾಗ ಎಂಜಿನ್ ನಿಲ್ಲಿಸಿ ಹೊಸ ತುಂಡು ಹಾಕಬೇಕು ಎಂಬುದೊಂದೇ ತೊಂದರೆ. ದಾರ ಎಷ್ಟು ಉದ್ದ ಇರಬೇಕೆಂಬುದನ್ನು ಕವಚದಲ್ಲಿರುವ ಸಣ್ಣ ಚಾಕುವೇ ನಿರ್ಧರಿಸುತ್ತದೆ. ಅಗಲ ಹೆಚ್ಚು ಸಿಗಲೆಂದು ಕೆಲವರು ಆ ಕವಚವನ್ನೇ ಬಿಚ್ಚಿಹಾಕುತ್ತಾರೆ. ದಾರ ಉದ್ದವಾದಷ್ಟೂ ಎಂಜಿನ್ನಿಗೆ ಹೊರೆ, ಕಾಲಿಗೆ ಕಲ್ಲು.

ಇನ್ನೊಂದು ವಿಷಯ ನಮ್ಮ ಊರಿನ ಬಿಸಿಲಿಗೇ ಸಂಬಂಧಿಸಿದ್ದು. ನೈಲಾನ್ ಗಾಳಿಯ ತೇವವನ್ನು ಹೀರಿಕೊಂಡಿರುವವರೆಗೆ ಬಳುಕುತ್ತದೆ. ತೇವ ಆರಿದರೆ ಬಿರುಸಾಗಿ ಲಟಲಟನೆ ಮುರಿಯುತ್ತದೆ. ತಗಡಿನ ಶೆಡ್ಡಿನಲ್ಲಿ ಮೊಳೆಗೆ ನೇತುಹಾಕಿದ ದಾರದ ಸುರುಳಿ ಒಂದು ಬೇಸಿಗೆ ಕಳೆದರೆ ಹೊಸದೇ ಆದರೂ ಹಳೆಯದರಂತೆ ಆಗಿಬಿಡುತ್ತದೆ. ಅದನ್ನು ಎಸೆಯಬೇಕಾಗಿಲ್ಲ. ಬಕೆಟ್ಟಿನ ನೀರಿನಲ್ಲಿ ಒಂದು ಹಗಲು, ಒಂದು ರಾತ್ರಿ ನೆನೆಹಾಕಿ ತೆಗೆದರೆ ಮತ್ತೆ ಬಳುಕು ಬರುತ್ತದೆ. ಕೆಲಸದ ದಿನ ಬೇಕಾದ ತುಂಡುಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟುಕೊಳ್ಳಬಹುದು. ಬೀಜದ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಎರಡು ವರ್ಷಕ್ಕಾಗುವಷ್ಟು ಕೊಂಡಿಡುವುದು ಮಾತ್ರ ಲಾಭದ ವ್ಯಾಪಾರವಲ್ಲ.

ನೈಲಾನ್ ದಾರ ನಿಲ್ಲುವುದಿಲ್ಲವೆಂದು ಬೈಂಡಿಂಗ್ ತಂತಿ, ಸೈಕಲ್ಲಿನ ಬ್ರೇಕ್ ತಂತಿ ಹಾಕುವ ಚಾಳಿ ಕೆಲವು ಕಡೆ ಇದೆ. ದಯವಿಟ್ಟು ಬೇಡ. ತುಂಡಾದ ತಂತಿಯ ತುದಿ ಗುಂಡಿನಂತೆ ಹಾರುತ್ತದೆ. ಇತ್ತೀಚೆಗೆ ಸರಪಳಿಯ ತುಂಡುಗಳನ್ನು ಜೋಡಿಸಿದ ಹೆಡ್ಡುಗಳೂ “ಜಾಲಿಗೆ ಇದೇ ಮದ್ದು” ಎಂಬ ಹೊಗಳಿಕೆಯೊಡನೆ ಮಾರಾಟವಾಗುತ್ತಿವೆ. 2010ರಲ್ಲಿ ಬ್ರಿಟನ್ನಿನಲ್ಲಿ ಇಂಥ ಹೆಡ್ಡಿನ ಸರಪಳಿಯ ಕೊಂಡಿಯೊಂದು ಕಿತ್ತು ಹಾರಿ ಒಂದು ಜೀವ ಹೋಯಿತು. ಅದಾದ ಮೇಲೆ 2012ರ ಜನವರಿಯಲ್ಲಿ ಯುರೋಪಿಯನ್ ಒಕ್ಕೂಟ, ಕೈಯಲ್ಲಿ ಹಿಡಿದು ಹೊಡೆಯುವ ಬ್ರಷ್ ಕಟರುಗಳಿಗೆ ಈ ಬಗೆಯ ಬಿಡಿ ಲೋಹದ ತುಂಡುಗಳುಳ್ಳ ಹೆಡ್ಡುಗಳ ಮಾರಾಟವನ್ನು ನಿಷೇಧಿಸಲು ತನ್ನ ದೇಶಗಳಿಗೆಲ್ಲ ಆದೇಶಿಸಿತು. ಅಲ್ಲಿ ಮಾರಬಾರದೆಂದು ಹೇಳಿದ ಸಾಮಾನು ನಮ್ಮ ಅಂಗಡಿಗಳಲ್ಲಿ ಅಗ್ಗವಾಗಿ ಸಿಗುತ್ತದೆಂದರೆ ಕೊಳ್ಳುವವರೇ ಎಚ್ಚರವಾಗಿರಬೇಕು.

ಜಾಲಿಗೆ ಸಲ್ಲುವುದು ಬ್ಲೇಡು. ಮೂರು ಹಲ್ಲಿನದು ಎಳೆಯ ಜಾಲಿ, ತಂಗಡಿ, ಬೋರೆಕಂಟಿ, ಒಣಗಿದ ಹತ್ತಿಕಡ್ಡಿಗಳಿಗೆ ಒಳ್ಳೆಯದು. ಹಲ್ಲು ಮೊಂಡಾದರೆ ಅರದಿಂದ ಮಸೆಯಬಹುದು. ಒಂದು ಕಡೆ ಸವೆದರೆ ತಿರುಗಿಸಿ ಹಾಕಲು ಬರುವ ಬ್ಲೇಡುಗಳೂ ಇವೆ. ಮಸೆಯುವಾಗ ಮೂರು ಹಲ್ಲನ್ನೂ ಸಮನಾಗಿ ಮಸೆಯಬೇಕು, ಇಲ್ಲವಾದರೆ ತೂಕ ತಪ್ಪಿ ಯಂತ್ರ ನಡುಗುತ್ತದೆ, ಹೊಡೆಯುವವನ ಕೈ ಸಂಜೆಗೆ ಮರಗಟ್ಟುತ್ತದೆ. 80 ಸಣ್ಣ ಹಲ್ಲುಗಳ ತೆಳು ಬ್ಲೇಡು ನೆಲ್ಲು, ಜೋಳದ ದಂಟು ಕೊಯ್ಯಲು ಚೆನ್ನ. ಅದನ್ನು ಜಾಲಿಯ ಕಟ್ಟಿಗೆಗೆ ಹಾಕಿದರೆ ಹಲ್ಲಿನ ಸಂದಿ ಮುಚ್ಚಿಕೊಂಡು ಕಟ್ಟಿಗೆ ಸುಟ್ಟ ವಾಸನೆ ಬರುತ್ತದೆ, ಕತ್ತರಿಸುವುದಿಲ್ಲ. ಕಟ್ಟಿಗೆಗೆ ಬೇಕಾದದ್ದು ಕಡಿಮೆ ಹಲ್ಲುಗಳ, ಉಳಿಯಂಥ ಮೊನೆಯುಳ್ಳ ಗರಗಸದ ಬ್ಲೇಡು, ಇಲ್ಲವೇ ಕಾರ್ಬೈಡ್ ತುದಿ ಅಂಟಿಸಿದ 40 ಹಲ್ಲಿನದು. ಕಾರ್ಬೈಡ್ ಬಹಳ ಕಾಲ ಚೂಪಾಗಿರುತ್ತದೆ. ಆದರೆ ಕಲ್ಲಿಗೆ ಬಡಿದರೆ ತುದಿ ಒಡೆದು ಹಾರುತ್ತದೆ. ಕೋಟೆ ಬೆಟ್ಟದ ಕೆಳಗಿನಂಥ ಗುಂಡುಕಲ್ಲು ತುಂಬಿದ ನೆಲಕ್ಕೆ ಅದನ್ನು ನಾನು ಶಿಫಾರಸು ಮಾಡಲಾರೆ. ಕಾಲುವೆ ಬದಿಯ ಎರೆಮಣ್ಣಿಗೆ ಧಾರಾಳವಾಗಿ ಹಾಕಬಹುದು.

ಬ್ಲೇಡು ಕೊಳ್ಳಲು ಹೋಗುವಾಗ ಹಳೆಯದನ್ನು ಜೊತೆಗೆ ಒಯ್ಯಿರಿ. ಮಧ್ಯದ ರಂಧ್ರ ಕೆಲವದರಲ್ಲಿ 20 ಮಿಲಿಮೀಟರ್, ಕೆಲವದರಲ್ಲಿ 25.4 ಮಿಲಿಮೀಟರ್, ಅಂದರೆ ಸರಿಯಾಗಿ ಒಂದಿಂಚು. ದೊಡ್ಡ ರಂಧ್ರದ ಬ್ಲೇಡನ್ನು ಸಣ್ಣ ಚಕ್ರಕ್ಕೆ ವಾಷರು ತುಂಬಿಸಿ ಕೂಡಿಸುವ ಸಾಹಸ ಬೇಡವೇ ಬೇಡ. ಬ್ಲೇಡಿನ ಮೇಲೆ ಅಚ್ಚಾಗಿರುವ ಗರಿಷ್ಠ ಸುತ್ತಿನ ಸಂಖ್ಯೆ ನಿಮ್ಮ ಯಂತ್ರದ ಸುತ್ತಿಗಿಂತ ಹೆಚ್ಚಿರಬೇಕು. ಸಂಖ್ಯೆಯೇ ಇಲ್ಲದ ಬ್ಲೇಡನ್ನು ಎಷ್ಟು ಅಗ್ಗವಾದರೂ ಬಿಡಿ. ಬಹುತೇಕ ಯಂತ್ರಗಳಲ್ಲಿ ಬ್ಲೇಡಿನ ನಟ್ಟು ಎಡಮರೆಯದು, ಬಲಕ್ಕೆ ತಿರುಗಿಸಿದರೆ ಸಡಿಲವಾಗುತ್ತದೆ. ಇದು ತಿಳಿಯದೆ ಪಾನಾಕ್ಕೆ ಪೈಪು ಸಿಕ್ಕಿಸಿ ತಿರುವಿ ಮರೆ ಹಾಳು ಮಾಡಿದ ಯಂತ್ರಗಳನ್ನು ಯಾವ ರಿಪೇರಿ ಅಂಗಡಿಯಲ್ಲಿ ಬೇಕಾದರೂ ಕಾಣಬಹುದು. ಗರಗಸದ ಬ್ಲೇಡಿಗೆ ಕವಚವೂ ಬೇರೆ, ಹಿಡಿ ಸೈಕಲ್ಲಿನ ಹ್ಯಾಂಡಲಿನಂತೆ ಎರಡು ಕೈಯದಿರಬೇಕು, ಎರಡೂ ಭುಜಕ್ಕೆ ಪಟ್ಟಿ ಬೇಕು. ಒಂದೇ ಕೈ ಬಳೆಯ ಸಣ್ಣ ಯಂತ್ರಕ್ಕೆ ಗರಗಸ ಹಾಕುವುದು ಮೇಕೆಗೆ ನೇಗಿಲು ಕಟ್ಟಿದಂತೆ.

ಹೊಡೆಯುವ ರೀತಿಯಲ್ಲಿ ಒಂದು ಗುಟ್ಟಿದೆ. ಬ್ಲೇಡನ್ನು ಗಡಿಯಾರದ ಮುಖವೆಂದು ಭಾವಿಸಿ, 12 ಎನ್ನುವುದು ನಿಮ್ಮಿಂದ ದೂರದ ತುದಿ. ಸಾಮಾನ್ಯವಾಗಿ ಈ ಬ್ಲೇಡುಗಳು ಮೇಲಿನಿಂದ ನೋಡಿದರೆ ಎಡಕ್ಕೆ ತಿರುಗುತ್ತವೆ. ಹಾಗಿರುವಾಗ 12ರಿಂದ 3ರವರೆಗಿನ ಭಾಗ ಗಟ್ಟಿ ಕಟ್ಟಿಗೆಗೆ ತಾಗಿದರೆ ಯಂತ್ರವೆಲ್ಲ ರಪ್ಪನೆ ಪಕ್ಕಕ್ಕೆ ಚಿಮ್ಮುತ್ತದೆ. ಪಕ್ಕದಲ್ಲಿ ಕಂಟಿ ಎಳೆಯುವ ಇನ್ನೊಬ್ಬ ಆಳಿದ್ದರೆ ಅವನ ಮೊಣಕಾಲಿನ ಗತಿಯೇನು? 8ರಿಂದ 11ರವರೆಗಿನ ಎಡಭಾಗವನ್ನೇ ಕಾಂಡಕ್ಕೆ ಕೊಡಬೇಕು. ಎಂಜಿನ್ ಪೂರ್ಣ ವೇಗಕ್ಕೆ ಬಂದ ಮೇಲೆ ತಾಗಿಸಬೇಕು, ತಾಗಿಸಿ ವೇಗ ಹೆಚ್ಚಿಸಬಾರದು. 15 ಮೀಟರಿನೊಳಗೆ ಬೇರೆ ಯಾರೂ ಇರಬಾರದು. ಕಂಟಿಯನ್ನು ಎಳೆದು ರಾಶಿ ಹಾಕುವುದು ಯಂತ್ರ ನಿಂತ ಮೇಲಿನ ಕೆಲಸ.

ಈಗ ಹತ್ತಿಯ ವ್ಯಾಪಾರಿಗಳು ಮುಖ್ಯವಾಗಿ ಗಮನಿಸಬೇಕಾದ ವಿಷಯಕ್ಕೆ ಬರುತ್ತೇನೆ. ಯಂತ್ರ ಮಾರುವವರು ಇದನ್ನು ಹೇಳುವುದಿಲ್ಲ, ಏಕೆಂದರೆ ಅವರಿಗೆ ಹತ್ತಿ ಗೊತ್ತಿಲ್ಲ.

ನೈಲಾನ್ ದಾರ ಸವೆಯುತ್ತದೆ ಎಂದೆನಲ್ಲ, ಸವೆದದ್ದು ಎಲ್ಲಿಗೆ ಹೋಗುತ್ತದೆ? ಅಕ್ಕಿಕಾಳಿನಷ್ಟು, ಸೂಜಿಯಷ್ಟು ಚೂರುಗಳಾಗಿ ಅದೇ ಅಂಗಳದಲ್ಲಿ ಉಳಿಯುತ್ತದೆ. ಮುಂದಿನ ತಿಂಗಳು ಅದೇ ಅಂಗಳದಲ್ಲಿ ರೈತರ ಗಾಡಿ, ಟ್ರ್ಯಾಕ್ಟರುಗಳಿಂದ ಬಿಡಿ ಹತ್ತಿ ರಾಶಿ ಬೀಳುತ್ತದೆ. ಜಿನ್ನಿನಲ್ಲಿ ಬೀಜ ಬೇರೆಯಾಗುತ್ತದೆ, ನೈಲಾನ್ ಚೂರು ಅರಳೆಯ ಜೊತೆಗೇ ಅಂಡಿಗೆಗೆ ಸೇರುತ್ತದೆ. ನೂಲಿನಲ್ಲಿ ಅದು ಎಳೆಎಳೆಯಾಗಿ ಹರಡುತ್ತದೆ. ಹತ್ತಿಯ ಬಣ್ಣ ಅದಕ್ಕೆ ಸರಿಯಾಗಿ ಹಿಡಿಯದೆ ಬಟ್ಟೆಯ ಮೇಲೆ ಬೇರೆಯಾಗಿ ಕಾಣುತ್ತದೆ. ಪ್ಲಾಸ್ಟಿಕ್ ಚೀಲದ ಎಳೆ, ಗೋಣಿ ನಾರು, ತಲೆಗೂದಲು ಇತ್ಯಾದಿ ಕಲಬೆರಕೆಗಳಿಂದ ಭಾರತದ ಹತ್ತಿಗೆ ಹೊರಗೆ ಎಷ್ಟು ಕೆಟ್ಟ ಹೆಸರು ಬಂದಿತ್ತೆಂಬುದು ಹಿರಿಯ ವ್ಯಾಪಾರಿಗಳಿಗೆ ಹೇಳಬೇಕಾಗಿಲ್ಲ. 2000ದಲ್ಲಿ ಕೇಂದ್ರ ಸರ್ಕಾರ ಹತ್ತಿ ತಂತ್ರಜ್ಞಾನ ಮಿಷನ್ ಆರಂಭಿಸಿದಾಗ ಜಿನ್ನಿಂಗ್–ಪ್ರೆಸ್ಸಿಂಗ್ ಮಿಲ್ಲುಗಳ ಸುಧಾರಣೆಗೇ ಒಂದು ಪ್ರತ್ಯೇಕ ಭಾಗವನ್ನು ಇಟ್ಟಿತ್ತು. ಆ ಕಾಲದಲ್ಲಿ ಸಾಲ ಮಾಡಿ ಹಾಕಿದ ಸಿಮೆಂಟು ಕಟ್ಟೆಯ ಸುತ್ತ ಇಂದು ನೈಲಾನ್ ಚೂರು ಉದುರಿಸಿದರೆ ಹೇಗೆ?

ಹಾಗಾದರೆ ಕಟ್ಟೆಯ ಸುತ್ತ ಉಕ್ಕಿನ ಬ್ಲೇಡು ಹಾಕಬಹುದೇ? ಅಲ್ಲಿ ಇನ್ನೊಂದು ಅಪಾಯ. ಬ್ಲೇಡು ಕಲ್ಲಿಗೆ ತಾಗಿದರೆ ಕಿಡಿ. ಒಣಹುಲ್ಲು, ಗಾಳಿಗೆ ಹಾರಿ ಕಂಟಿಗೆ ಸಿಕ್ಕಿಕೊಂಡ ಹಳೆಯ ಅರಳೆ, ಪಕ್ಕದಲ್ಲಿ ಬಿಸಿ ಸೈಲೆನ್ಸರು, ಪೆಟ್ರೋಲು. ಹತ್ತಿಗೆ ಬೆಂಕಿ ತಾಗಿದರೆ ಆರಿಸುವುದು ಎಷ್ಟು ಕಷ್ಟ, ವಿಮೆಯವರ ಜೊತೆ ವಾದಿಸುವುದು ಅದಕ್ಕಿಂತ ಎಷ್ಟು ಕಷ್ಟ ಎಂಬುದನ್ನು ಅನುಭವಿಗಳಿಂದ ಕೇಳಿ. ನನ್ನ ಅಭಿಪ್ರಾಯ ಹೀಗಿದೆ. ಹತ್ತಿ ಇಳಿಸುವ ಕಟ್ಟೆಯ ಸುತ್ತ 20–25 ಅಡಿಯವರೆಗೆ ದಾರವೂ ಬೇಡ, ಬ್ಲೇಡೂ ಬೇಡ. ಗುದ್ದಲಿ, ಕುರ್ಪಿ ಹಿಡಿದು ಕೈಯಿಂದಲೇ ಕೀಳಿಸಬೇಕು. ಅಷ್ಟು ಜಾಗಕ್ಕೆ ಇಬ್ಬರು ಹೆಣ್ಣಾಳುಗಳು ಎರಡು ದಿನ ಸಾಕು. ಅದರಾಚೆಗೆ ಮಿಲ್ಲಿನ ಗೋಡೆಯವರೆಗೆ ಯಂತ್ರದ ಕೆಲಸವೆಲ್ಲ ಹತ್ತಿಯ ಮೊದಲ ಗಾಡಿ ಬರುವ ಮೊದಲೇ ಮುಗಿದಿರಬೇಕು, ಮುಗಿದ ಮೇಲೆ ಗುಡಿಸಿರಬೇಕು. ಹತ್ತಿ ಬಂದ ಮೇಲೆ ಯಂತ್ರ ಒಳಗೆ ಬರಬಾರದು. ಪೆಟ್ರೋಲು ತುಂಬುವುದು ಯಾವಾಗಲೂ ಗೇಟಿನ ಹೊರಗೆ, ಎಂಜಿನ್ ಆರಿದ ಮೇಲೆ.

ಕತ್ತರಿಸುವುದೇ ಬೇಡ, ಬೆಂಕಿ ಹಚ್ಚಿ ಮುಗಿಸೋಣ ಎನ್ನುವವರೂ ಇದ್ದಾರೆ. ಗೋದಾಮಿನ ಪಕ್ಕ ಇದು ಹುಚ್ಚುತನ. ಇನ್ನು ಶ್ರಾವಕರಿಗೆ ಹೇಳಿದ ಹದಿನೈದು ಕರ್ಮಾದಾನಗಳಲ್ಲಿ ಕಾಡಿಗೆ ಬೆಂಕಿಯಿಡುವುದೂ, ಇದ್ದಿಲು ಸುಡುವುದೂ ಸೇರಿವೆ ಎಂಬುದನ್ನು ಮನೆಯ ಹಿರಿಯರು ನೆನಪಿಸಿಯೇ ನೆನಪಿಸುತ್ತಾರೆ. ಯಂತ್ರದಿಂದಲೂ ಹಿಂಸೆ ಇಲ್ಲವೆಂದಲ್ಲ. ಅದನ್ನು ಎಷ್ಟು ಕಡಿಮೆ ಮಾಡಬಹುದು ಎಂಬುದು ನಮ್ಮ ಕೈಯಲ್ಲಿದೆ. ಆರಂಭಿಸುವ ಮೊದಲು ಉದ್ದ ಕೋಲಿನಿಂದ ಕಂಟಿಗಳನ್ನು ಬಡಿದು ಹತ್ತು ನಿಮಿಷ ಬಿಡುವು ಕೊಡಬೇಕು. ಗೋಡೆಯ ಕಡೆಯಿಂದ ಶುರು ಮಾಡಿ ಬಯಲಿನ ಕಡೆಗೆ ಹೋಗಬೇಕು. ಬಯಲಿನಿಂದ ಗೋಡೆಯ ಕಡೆಗೆ ಹೊಡೆಯುತ್ತಾ ಬಂದರೆ ಓತಿಕೇತ, ಮೊಲ, ಗೌಜಲ ಹಕ್ಕಿ ಎಲ್ಲವೂ ಮೂಲೆಗೆ ಸಿಕ್ಕಿ ಬ್ಲೇಡಿಗೆ ಬೀಳುತ್ತವೆ. ಕೊಳಕುಮಂಡಲವೂ ಮೂಲೆಗೇ ಸೇರುತ್ತದೆ, ಆಗ ಆಪತ್ತು ಹೊಡೆಯುವವನದು. ಅವನಿಗೆ ಮೊಣಕಾಲಿನವರೆಗಿನ ಬೂಟು ಕೊಡಿಸುವುದು ಮಾಲೀಕನ ಕರ್ತವ್ಯ. ನೆಲದಲ್ಲಿ ಗೂಡು, ಮೊಟ್ಟೆ ಕಂಡರೆ ಆ ಕಂಟಿಯನ್ನು ಒಂದು ತಿಂಗಳು ಬಿಟ್ಟರೆ ಮಿಲ್ಲೇನೂ ನಿಲ್ಲುವುದಿಲ್ಲ.

ಬೂಟಿನಷ್ಟೇ ಮುಖ್ಯ ಕನ್ನಡಕ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಕಣ್ಣಿನ ಪೊರೆಗೆ ಪೆಟ್ಟಾಗಿ ದೃಷ್ಟಿ ಮಬ್ಬಾಗುತ್ತದೆ. ಕುಡುಗೋಲಿನಿಂದ ಕೊಯ್ದರೆ ಆ ಹಾಲು ಕೈಗೆ ಮೆತ್ತುತ್ತದೆ, ಯಂತ್ರದಿಂದ ಹೊಡೆದರೆ ಮುಖಕ್ಕೇ ಸಿಡಿಯುತ್ತದೆ. ಹೆಲ್ಮೆಟ್ಟಿಗೆ ಜೋಡಿಸಿದ ತಂತಿಜಾಲರಿ ಕಲ್ಲನ್ನು ತಡೆಯುತ್ತದೆ, ಹಾಲನ್ನು ತಡೆಯುವುದಿಲ್ಲ. ಜಾಲರಿಯ ಒಳಗೆ ಮುಚ್ಚಿದ ಕನ್ನಡಕವೂ ಬೇಕು. ಎಕ್ಕ ಹೆಚ್ಚಿರುವಲ್ಲಿ ದಾರ ಹಾಕಬಾರದು, ಬ್ಲೇಡಿನಿಂದ ಬುಡದಲ್ಲಿ ಒಂದೇ ಏಟಿಗೆ ತೆಗೆಯಬೇಕು. ಕಾಂಗ್ರೆಸ್ ಗಿಡವೂ ಹೀಗೆಯೇ. ಹೂಬಿಟ್ಟ ಮೇಲೆ ದಾರದಿಂದ ಹೊಡೆದರೆ ಪರಾಗ, ರಸ ಎಲ್ಲವೂ ಪುಡಿಯಾಗಿ ಹಾರಿ ಚರ್ಮದ ತುರಿಕೆ, ಉಬ್ಬಸ ತರುತ್ತದೆ. ಉಳಿದ ಬುಡ ಮತ್ತೆ ಚಿಗುರಿ ಗೇಣುದ್ದದಲ್ಲೇ ಹೂಬಿಡುತ್ತದೆ. ಮಳೆ ಬಿದ್ದು ನೆಲ ಮೆತ್ತಗಿರುವಾಗ, ಹೂಬಿಡುವ ಮೊದಲೇ, ಕೈಗವಸು ಹಾಕಿ ಬೇರುಸಹಿತ ಕೀಳಿಸುವುದೇ ಅದಕ್ಕೆ ತಕ್ಕ ಉಪಾಯ. ಪಾಪಾಸುಕಳ್ಳಿಗಂತೂ ಯಂತ್ರ ಮುಟ್ಟಿಸಲೇ ಬೇಡಿ. ಚೂರಾದ ಒಂದೊಂದು ಹಾಳೆಯೂ ಬೇರು ಬಿಟ್ಟು ಹೊಸ ಕಳ್ಳಿಯಾಗುತ್ತದೆ.

ಚಿಪ್ಪಗಿರಿಯ ಗುಡ್ಡದ ಬಸದಿ, ಪೆದ್ದತುಂಬಳಂ ಮುಂತಾದ ಕಡೆ ಸೇವೆಗೆಂದು ಯುವಕರು ಯಂತ್ರ ಹಿಡಿದು ಹೋಗುವ ಉತ್ಸಾಹ ತೋರಿದರೆ ಒಂದು ಮಾತು ನೆನಪಿರಲಿ. ಶಿಲೆ, ಶಾಸನ, ಹಳೆಯ ಗಾರೆಯ ಹತ್ತಿರ ಬ್ಲೇಡು ಸುಳಿಯಬಾರದು, ದಾರವೂ ಮೆದುಕಲ್ಲಿನ ಮೇಲೆ ಗೆರೆ ಎಳೆಯುತ್ತದೆ. ಅಲ್ಲಿ ಕತ್ತರಿ, ಕುಡುಗೋಲು ಮಾತ್ರ. ಗೋಡೆಯೊಳಗೆ ಇಳಿದ ಬೇರನ್ನು ಎಳೆದು ಕೀಳದೆ, ಕತ್ತರಿಸಿ, ಪುರಾತತ್ವ ಇಲಾಖೆಯ ತಿಳಿದವರನ್ನು ಕೇಳಿ ಮುಂದುವರಿಯಬೇಕು.

ಕೊನೆಗೆ, ಕತ್ತರಿಸಿದ ಜಾಲಿ ಸತ್ತ ಜಾಲಿಯಲ್ಲ. ನೆಲಮಟ್ಟದಲ್ಲಿ ಕತ್ತರಿಸಿದರೆ ಒಂದು ಕಾಂಡ ಇದ್ದಲ್ಲಿ ಮುಂದಿನ ಮಳೆಗೆ ಐದಾರು ಚಿಗುರುತ್ತವೆ. ಅದರ ಮೊಗ್ಗುಗಳಿರುವುದು ಮಣ್ಣಿನೊಳಗಿನ ಬುಡದ ಗಂಟಿನಲ್ಲಿ. ಯಂತ್ರದಿಂದ ಮೇಲಿನ ಕಂಟಿ ತೆಗೆದು ದಾರಿ ಮಾಡಿಕೊಂಡ ಮೇಲೆ, ಹಾರೆ–ಗುದ್ದಲಿಯಿಂದಲೋ ಜೆಸಿಬಿಯಿಂದಲೋ ಒಂದು ಅಡಿ ಆಳದವರೆಗೆ ಆ ಗಂಟನ್ನು ತೆಗೆಸಿದರೆ ಮಾತ್ರ ಜಾಗ ಖಾಲಿಯಾದಂತೆ. ಹಾಗೆ ತೆಗೆಸಲಾಗದ ಕಡೆ ವರ್ಷಕ್ಕೆರಡು ಸಲ, ಚಿಗುರು ಪೆನ್ಸಿಲ್ ದಪ್ಪ ಮೀರುವ ಮೊದಲೇ ಹೊಡೆಯಬೇಕು. ಆಗ ಮೂರು ಹಲ್ಲಿನ ಬ್ಲೇಡೇ ಸಾಕು, ಗರಗಸದ ಖರ್ಚಿಲ್ಲ. ಕತ್ತರಿಸುವಾಗ ಓರೆಯಾಗಿ ಕತ್ತರಿಸದೆ ನೆಲಕ್ಕೆ ಸಮನಾಗಿ ಕತ್ತರಿಸಲು ಹೇಳಿ. ಓರೆಯಾದ ಜಾಲಿಮೋಟು ಈಟಿಯಂತೆ ನಿಂತು ಲಾರಿಯ ಟಯರನ್ನೂ, ಹಮಾಲಿಯ ಅಂಗಾಲನ್ನೂ ಚುಚ್ಚುತ್ತದೆ.

ಹೊಸದಾಗಿ ಸಾಮಾನು ಕೊಳ್ಳುವವರು ಒಂದು ಸಾದಾ ಹೆಡ್ಡು, 2.7ರ ಚೌಕ ದಾರ ಮತ್ತು ದುಂಡು ದಾರ ಒಂದೊಂದು ಸುರುಳಿ, ಮೂರು ಹಲ್ಲಿನ ಬ್ಲೇಡು ಎರಡು, ಗಟ್ಟಿ ಯಂತ್ರವಿದ್ದರೆ ಗರಗಸ ಬ್ಲೇಡು ಒಂದು, ಅದಕ್ಕೆ ತಕ್ಕ ಕವಚ, ದುಂಡು ಅರ ಒಂದು, ಬ್ಲೇಡಿನ ನಟ್ಟು ಎರಡು ತನ್ನಿ. ನಟ್ಟು ಯಾಕೆ ಎರಡೆಂದರೆ, ಅದು ಹುಲ್ಲಿನಲ್ಲಿ ಬಿದ್ದರೆ ಸಿಗುವುದಿಲ್ಲ, ಮತ್ತು ಸವೆದ ನಟ್ಟನ್ನೇ ಬಿಗಿದು ದಿನವಿಡೀ ಹೊಡೆಯುವ ಆಳು ಅದನ್ನು ನಿಮಗೆ ಹೇಳುವುದಿಲ್ಲ.